ಸತ್ಯಾಂಶ: ರಂಗನತಿಟ್ಟಿನ ಹಕ್ಕಿಗಳೆಲ್ಲ ಸೈಬೀರಿಯಾದವಾ?

‘ರಂಗನತಿಟ್ಟಿನ ಹಕ್ಕಿಗಳೆಲ್ಲ ಸೈಬೀರಿಯಾದಿಂದ ಬಂದು ಮರಿ ಮಾಡಿ ವಾಪಸ್ ಹೋಗುತ್ತವೆ’ ಅನ್ನೋ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ನಿಜ ಅಲ್ಲ.

1940ರಲ್ಲಿ ಪಕ್ಷಿಧಾಮವಾದ ಈ ಕಾವೇರಿ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ, ಬಾಯ್ಕಳಕ ನಮ್ಮ ನಾಡಿನವೇ. ನೀರು, ಮೀನು ಇರುವ ಕಡೆಗೆ, ಕೆರೆಯಿಂದ ಕೆರೆಗೆ ಹೋಗಿ ಬರುತ್ತವೆ, ಅಷ್ಟೇ.

ದೂರದಿಂದ ಬರುವವೂ ಇವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಆದರೆ ಅವು ಇಲ್ಲಿ ಮೊಟ್ಟೆ ಇಡಲ್ಲ. ಮರಿ ಮಾಡುವುದು ತಮ್ಮೂರಲ್ಲೇ.

ಮಾರ್ಚ್ ಹೊತ್ತಿಗೆ ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಹೋದರೆ ಸುಮ್ನೆ ಕೂತು ಒಂದು ಗೂಡು ನೋಡಿ. ಹೆಜ್ಜಾರ್ಲೆ ಮರಿ ಅಮ್ಮನ ಕೊಕ್ಕಿನ ಚೀಲಕ್ಕೆ ತಲೆ ತೂರಿಸಿ ಮೀನು ತಿನ್ನುತ್ತದೆ. ಎಷ್ಟು ಚಂದ ಅಂತೀರಿ! ಅದು ಇಲ್ಲೇ ಹುಟ್ಟಿದ ಮರಿ.