ಹತ್ತಕ್ಕೆ ಎಷ್ಟು?

"ಈಗ ಎಷ್ಟಿದೆ ಹೇಳಿ?" ಪಕ್ಕದ ಸೀಟಿನವರು ಬೆಳಗ್ಗೆಯಿಂದ ಇದೊಂದೇ ಪ್ರಶ್ನೆ ಹಿಡಿದುಕೊಂಡಿದ್ದಾರೆ. ಅವರು ಕೇಳುತ್ತಿರುವುದು ನನ್ನ ಟೆನ್ಷನ್ ಲೆಕ್ಕ. ಸೊನ್ನೆ ಅಂದರೆ ಪರಮ ಶಾಂತಿ, ಹತ್ತು ಅಂದರೆ ತಡೆಯೋಕಾಗದ ಸಂಕಟ. ನಡುವೆ ಒಂದು ಅಂಕಿ ಹೇಳಬೇಕು.

ಒತ್ತಡ ಜಾಸ್ತಿಯಾಗಿದೆ ಅಂತ ನಾವು ಗೊಣಗಿದ್ದು ಮೇಲಿನವರ ಕಿವಿಗೆ ಬಿತ್ತು. ಜನ ತೆಗೆದುಕೊಳ್ಳಬಹುದಿತ್ತು, ಡೆಡ್‌ಲೈನ್ ಮುಂದೆ ಹಾಕಬಹುದಿತ್ತು. ಅವರು ಟ್ಯಾಪಿಂಗ್ ಕಲಿಸಿದರು. ಬೆರಳ ತುದಿಯಿಂದ ಮೈಯನ್ನು ತಟ್ಟಿಕೊಳ್ಳುವ ಈ ವಿದ್ಯೆಗೆ ಇಎಫ್‌ಟಿ, ಅಂದರೆ ಇಮೋಷನಲ್ ಫ್ರೀಡಮ್ ಟೆಕ್ನಿಕ್ಸ್ ಅಂತಾರೆ. 1990ರ ದಶಕದಲ್ಲಿ ಗ್ಯಾರಿ ಕ್ರೇಗ್ ಅನ್ನುವ ಅಮೆರಿಕದವರು ಶುರುಮಾಡಿದ್ದು. ಓದಿದ್ದು ಎಂಜಿನಿಯರಿಂಗ್. ಯಾವ ಮಷಿನ್ ಕೈಕೊಟ್ಟರೂ ಮೊದಲು ತಟ್ಟಿ ನೋಡುವವರು ತಾನೇ!

ಅಂಗೈಯ ಅಂಚು ತಟ್ಟುತ್ತಾ "ನನಗೆ ಇಂಥಾ ಸಂಕಟ ಇದ್ದರೂ ನನ್ನನ್ನು ನಾನು ಮನಸಾರೆ ಒಪ್ಪಿಕೊಳ್ಳುತ್ತೇನೆ" ಅನ್ನಬೇಕು. ಆಮೇಲೆ ಹುಬ್ಬು, ಕಣ್ಣಿನ ಪಕ್ಕ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗದ್ದ, ಕೊರಳ ಮೂಳೆ, ಕಂಕುಳ ಕೆಳಗೆ, ನೆತ್ತಿ. ಕಂಕುಳ ಸರದಿ ಬಂದಾಗ ನಮ್ಮ ಮ್ಯಾನೇಜರ್ ಒಂದು ಕೈ ಮೇಲೆತ್ತಿ, ಮುಖ ಗಂಟಿಕ್ಕಿಕೊಂಡು, ಟಪಟಪ ತಟ್ಟಿಕೊಳ್ಳುತ್ತಾ ನಿಂತಿದ್ದರು. ನಿಜ ಹೇಳಬೇಕು, ಅದನ್ನು ನೋಡಿಯೇ ನನ್ನ ಟೆನ್ಷನ್ ಅರ್ಧ ಇಳಿಯಿತು.

2003ರ ಒಂದು ಅಧ್ಯಯನದಲ್ಲಿ ಭಯ ಇಳಿಯುತ್ತಾ ನೋಡೋಣ ಅಂತ ಕೆಲವರಿಗೆ ಇದೇ ಜಾಗಗಳಲ್ಲಿ, ಕೆಲವರಿಗೆ ಬೇರೆ ಜಾಗಗಳಲ್ಲಿ ತಟ್ಟಿಕೊಳ್ಳಲು ಹೇಳಿದರು. ಇನ್ನು ಕೆಲವರ ಕೈಗೆ ಗೊಂಬೆ ಕೊಟ್ಟು ಅದನ್ನು ತಟ್ಟಿಸಿದರು. ಬೇರೆ ಜಾಗ ತಟ್ಟಿದವರ, ಗೊಂಬೆ ತಟ್ಟಿದವರ ಭಯವೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತಂತೆ! ನಮಗೂ ಸುಮ್ನೆ ತಲೆಗೊಂದು ಗೊಂಬೆ ಕೊಟ್ಟಿದ್ದರೆ ಸಾಕಿತ್ತು. ಅದಕ್ಕೆ ಯಾರ ಮುಖ ಅಂಟಿಸಬೇಕು ಅಂತ ನಾವೇ ನೋಡಿಕೊಳ್ಳುತ್ತಿದ್ದೆವು.

ಪಕ್ಕದ ಸೀಟಿನವರಿಗೆ ಮಾತ್ರ ತಟ್ಟುವುದಕ್ಕಿಂತ ಅಂಕಿಯ ಹುಚ್ಚು. ನಮ್ಮೆಲ್ಲರ ಟೆನ್ಷನ್ನಿಗೂ ಎಕ್ಸೆಲ್ ಶೀಟ್ ಮಾಡಿದ್ದಾರೆ. ಏಳು ದಾಟಿದರೆ ಕೆಂಪು ಬಣ್ಣ. ಸೊನ್ನೆ ಅಂದರೂ ಬಿಡುವುದಿಲ್ಲ. "ಸೊನ್ನೆಯಾ? ಒಳಗೇ ಅದುಮಿಟ್ಟುಕೊಂಡಿದ್ದೀರಿ. ಅದು ಇನ್ನೂ ಡೇಂಜರ್."

ಇವತ್ತು ಕ್ಲೈಂಟ್ ಜೊತೆ ವಿಡಿಯೊ ಕಾಲ್‌ನಲ್ಲಿದ್ದೆ. ರಿಪೋರ್ಟ್ ಯಾವಾಗ ಸಿಗುತ್ತೆ ಅಂತ ಆ ಕಡೆಯಿಂದ ಜೋರು ವಿಚಾರಣೆ ನಡೆದಿತ್ತು. ಲ್ಯಾಪ್‌ಟಾಪಿನ ಹಿಂದೆ ಇವರು ಬಂದು ನಿಂತರು. ಹುಬ್ಬು ಹಾರಿಸಿದರು. ತುಟಿಯಲ್ಲೇ "ಎಷ್ಟು?" ಅಂದರು. ಕಣ್ಣಲ್ಲೇ ಗದರಿಸಿದೆ, ಹೋಗಲಿಲ್ಲ. ತೊಲಗಿದರೆ ಸಾಕು ಅಂತ ಐದು ಬೆರಳು ಎತ್ತಿ ತೋರಿಸಿದೆ.

"ಓ, ಐದು ಗಂಟೆಗೇ ಕೊಡ್ತೀರಾ? ವೆರಿ ಗುಡ್!" ಅಂದರು ಕ್ಲೈಂಟ್. ಕಾಲ್ ಕಟ್.

"ಈಗ ಎಷ್ಟು?" ಅಂದರು ಇವರು.

"ಒಂಬತ್ತು!"

"ನೋಡಿದ್ರಾ? ಅದಕ್ಕೇ ಕಾಲ್‌ಗೆ ಮುಂಚೆ ತಟ್ಟಿಕೊಳ್ಳಿ ಅಂದಿದ್ದು" ಅಂತ ಖುಷಿಯಾಗಿ ಹೋಗಿ ನನ್ನ ಹೆಸರಿಗೆ ಕೆಂಪು ಬಳಿದರು.

ತಟ್ಟಿಸಿಕೊಳ್ಳುವುದು ನನಗೇನೂ ಹೊಸದಲ್ಲ. ಚಿಕ್ಕಂದಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರದೆ ಹೊರಳಾಡುತ್ತಿದ್ದರೆ ಅಮ್ಮ ಅರೆನಿದ್ದೆಯಲ್ಲೇ ಕೈ ಚಾಚಿ ಬೆನ್ನು ತಟ್ಟುತ್ತಿದ್ದಳು. ಕೈ ಎಲ್ಲಿ ಬಿತ್ತೋ ಅದೇ ಜಾಗ. ಎಷ್ಟಿದೆ ಅಂತ ಒಂದು ದಿನವೂ ಕೇಳಿದವಳಲ್ಲ.

ಈಗಷ್ಟೇ ಮೇಲ್ ಬಂತು. ಟ್ಯಾಪಿಂಗ್‌ನ ಎರಡನೇ ಭಾಗ ಸಂಜೆ ನಾಲ್ಕರಿಂದ ಐದರವರೆಗೆ. ಎಲ್ಲರೂ ಕಡ್ಡಾಯವಾಗಿ ಬರಬೇಕಂತೆ. ರಿಪೋರ್ಟ್ ನೆಪ ಹೇಳುವಂತಿಲ್ಲವಂತೆ.