ಟೆಕ್ಸಾಸಿನ ಪರಿಹಾರದ ಮಿತಿ ಮತ್ತು ಸಂಬಳವಿಲ್ಲದವರ ಪಾಡು

2003ರ ಸೆಪ್ಟೆಂಬರಿನಲ್ಲಿ ಟೆಕ್ಸಾಸಿನ ಮತದಾರರು ಶೇ 51ರಷ್ಟು ಮತಗಳ ಅಲ್ಪ ಬಹುಮತದಿಂದ ತಮ್ಮ ರಾಜ್ಯದ ಸಂವಿಧಾನಕ್ಕೆ ಒಂದು ತಿದ್ದುಪಡಿಯನ್ನು ಒಪ್ಪಿದರು. ವೈದ್ಯಕೀಯ ನಿರ್ಲಕ್ಷ್ಯದ ದಾವೆಗಳಲ್ಲಿ ನೋವು, ಸಂಕಟ, ಆಪ್ತರ ಅಗಲಿಕೆಯಂತಹ ನಷ್ಟಗಳಿಗೆ ಕೊಡುವ ಪರಿಹಾರಕ್ಕೆ ಶಾಸನಸಭೆ ಹಾಕಿದ್ದ ಮಿತಿಯನ್ನು ನ್ಯಾಯಾಲಯಗಳು ತೆಗೆದುಹಾಕದಂತೆ ಈ ತಿದ್ದುಪಡಿ ಕಾಪಾಡಿತು. ಪ್ರತಿವಾದಿಗಳಲ್ಲಿ ವೈದ್ಯರು ಎಷ್ಟೇ ಮಂದಿ ಇರಲಿ, ಅವರೆಲ್ಲರಿಂದ ಸೇರಿ 2.5 ಲಕ್ಷ ಡಾಲರ್; ಆಸ್ಪತ್ರೆಗಳನ್ನೂ ಸೇರಿಸಿಕೊಂಡರೆ ಹೆಚ್ಚೆಂದರೆ 7.5 ಲಕ್ಷ. ಇಲ್ಲಿ ಟಾರ್ಟ್ (ಇನ್ನೊಬ್ಬರ ತಪ್ಪಿನಿಂದಾದ ಹಾನಿಗೆ ಪರಿಹಾರ ಕೇಳುವ ಕಾನೂನು) ಸುಧಾರಣೆ ಎಂದು ಕರೆಯುವ ಈ ಕ್ರಮದ ಭಾರವೆಲ್ಲ ಸಂಪಾದನೆ ಇಲ್ಲದವರ ಹೆಗಲಿಗೇ ಬಿದ್ದಿದೆ ಎಂಬುದು ಈ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗನಾದ ನನ್ನ ಖಚಿತ ಅಭಿಪ್ರಾಯ.

ಕಳೆದುಹೋದ ಸಂಬಳಕ್ಕೂ ಚಿಕಿತ್ಸೆಯ ಖರ್ಚಿಗೂ ಈ ಮಿತಿ ಅನ್ವಯಿಸುವುದಿಲ್ಲ. ದೊಡ್ಡ ಸಂಬಳದ ಎಂಜಿನಿಯರ್ ಕೈಕಾಲು ಕಳೆದುಕೊಂಡರೆ ಅವರ ದಾವೆಗೆ ತೂಕವಿರುತ್ತದೆ. ಮಕ್ಕಳು, ಗೃಹಿಣಿಯರು, ವೃದ್ಧರ ವಿಷಯದಲ್ಲಿ ನಷ್ಟದ ಬಹುಪಾಲು ಮಿತಿಯೊಳಗಿನ ಲೆಕ್ಕಕ್ಕೇ ಸೇರುತ್ತದೆ. ಇಲ್ಲಿ ವಕೀಲರು ಮುಂಗಡ ಶುಲ್ಕ ಪಡೆಯದೆ, ಗೆದ್ದರೆ ಬರುವ ಪರಿಹಾರದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ; ಖರ್ಚನ್ನೂ ಅವರೇ ಹಾಕುತ್ತಾರೆ. ಮೇಲಾಗಿ, ಪ್ರತಿವಾದಿ ಉತ್ತರ ಸಲ್ಲಿಸಿದ 120 ದಿನಗಳೊಳಗೆ ತಜ್ಞ ವೈದ್ಯರ ವರದಿಯನ್ನು ಒದಗಿಸದಿದ್ದರೆ ದಾವೆ ವಜಾ ಆಗುವುದಲ್ಲದೆ ಎದುರಾಳಿಯ ವಕೀಲರ ಖರ್ಚನ್ನೂ ತೆರಬೇಕಾಗುತ್ತದೆ.

ನನಗೆ ಪರಿಚಯದ ಕುಟುಂಬವೊಂದರಲ್ಲಿ, ದಾವಣಗೆರೆಯಿಂದ ಮಗನ ಮನೆಗೆ ಬಂದಿದ್ದ ತಾಯಿಯವರು ಶಸ್ತ್ರಚಿಕಿತ್ಸೆಯ ನಂತರ ಒಳರಕ್ತಸ್ರಾವದಿಂದ ತೀರಿಕೊಂಡರು. ರಾತ್ರಿಯಿಡೀ ರಕ್ತದೊತ್ತಡ ಇಳಿಯುತ್ತಲೇ ಇದ್ದುದು ದಾಖಲೆಯಲ್ಲಿತ್ತು. ಬೆಳಗಿನವರೆಗೆ ಯಾವ ವೈದ್ಯರೂ ಬಂದು ನೋಡಲಿಲ್ಲ. ಮಗನ ಜೊತೆ ನಾನೂ ವಕೀಲರ ಕಚೇರಿಗೆ ಹೋಗಿದ್ದೆ. ಅವರು ಕಡತವನ್ನು ಗಮನವಿಟ್ಟು ಓದಿ, "ತಪ್ಪು ನಡೆದಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಿಮ್ಮ ತಾಯಿಗೆ ಸಂಬಳವಿರಲಿಲ್ಲ. ತಜ್ಞರಿಗೆ ಕೊಟ್ಟು ಉಳಿಯುವ ಹಣದಲ್ಲಿ ಈ ದಾವೆ ನಡೆಸಲು ನನ್ನಿಂದಾಗದು" ಎಂದರು. ಮಗ ಮತ್ತೇನೂ ಕೇಳದೆ ಕಡತ ಎತ್ತಿಕೊಂಡರು. ಸಂಬಳವಿಲ್ಲದ ಜೀವಕ್ಕೆ ನ್ಯಾಯಾಲಯದ ಮೆಟ್ಟಿಲೂ ಇಲ್ಲವೆಂದರೆ ಅದನ್ನು ಸುಧಾರಣೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಾನೂನು ಬರುವ ಮೊದಲು ವೈದ್ಯರ ವಿಮಾ ಕಂತುಗಳು ವಿಪರೀತ ಏರಿದ್ದವು, ನಂತರ ಇಳಿದವು; ಅದು ನಿಜವಾದ ಲಾಭವೇ. ಆದರೆ ವೈದ್ಯರು ರಾಜ್ಯಕ್ಕೆ ದಂಡಿಯಾಗಿ ಬರುತ್ತಾರೆ, ಚಿಕಿತ್ಸೆ ಅಗ್ಗವಾಗುತ್ತದೆ ಎಂಬ ಭರವಸೆಗಳನ್ನು ಕಾನೂನು ವಿದ್ವಾಂಸರಾದ ಬರ್ನಾರ್ಡ್ ಬ್ಲ್ಯಾಕ್, ಡೇವಿಡ್ ಹೈಮನ್ ಮತ್ತು ಚಾರ್ಲ್ಸ್ ಸಿಲ್ವರ್ ಅಂಕಿಅಂಶಗಳೊಂದಿಗೆ ಪರೀಕ್ಷಿಸಿದಾಗ ಅವಕ್ಕೆ ಆಧಾರ ಸಿಗಲಿಲ್ಲ. ಪರಿಹಾರ ಸಿಕ್ಕ ಪ್ರಕರಣಗಳ ಸಂಖ್ಯೆ ಮಾತ್ರ ಗಣನೀಯವಾಗಿ ಕುಸಿದಿತ್ತು.

ನಮ್ಮ ದೇಶದಲ್ಲಿ ಇಂಥ ಮಿತಿಯಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ತಂದ ಮೇಲೆ, ದಾವಣಗೆರೆಯ ಗೃಹಿಣಿಯೊಬ್ಬರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ ತಾವೇ ವಾದಿಸಬಹುದು. ವಾಹನ ಅಪಘಾತದ ಪ್ರಕರಣವೊಂದರಲ್ಲಿ 2021ರಲ್ಲಿ ಅದೇ ನ್ಯಾಯಾಲಯ ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಹಿಡಿಯಬೇಕೆಂದು ಒತ್ತಿ ಹೇಳಿದೆ. ಆದರೆ ವಿಳಂಬ ಮಾತ್ರ ಅಸಹನೀಯ: 1998ರಲ್ಲಿ ಕೋಲ್ಕತ್ತಾದ ಚಿಕಿತ್ಸೆಯ ನಂತರ ತೀರಿಕೊಂಡ ಅನುರಾಧಾ ಸಾಹಾ ಅವರ ಪ್ರಕರಣದಲ್ಲಿ ಸುಮಾರು ಆರು ಕೋಟಿ ರೂಪಾಯಿ ಪರಿಹಾರದ ಅಂತಿಮ ತೀರ್ಪು ಬಂದದ್ದು 2013ರಲ್ಲಿ. ಪತಿ ಕುನಾಲ್ ಸಾಹಾ ಸ್ವತಃ ವೈದ್ಯರಾಗಿದ್ದರಿಂದ ಅಷ್ಟು ವರ್ಷ ಹೋರಾಡಲು ಸಾಧ್ಯವಾಯಿತು. ಎಲ್ಲರಿಗೂ ಆ ಶಕ್ತಿ ಇರುವುದಿಲ್ಲ. ಹಾಗಿದ್ದರೂ, ತಡವಾಗಿಯಾದರೂ ಕೇಳುವ ನ್ಯಾಯಾಲಯವನ್ನೇ ನಾನು ಮೇಲೆಂದು ಎಣಿಸುತ್ತೇನೆ.

ಟೆಕ್ಸಾಸಿನಲ್ಲಿ ಸಾವಿನ ಪ್ರಕರಣಗಳಿಗಿರುವ ಒಟ್ಟು ಪರಿಹಾರದ ಇನ್ನೊಂದು ಮಿತಿ ಬೆಲೆಯೇರಿಕೆಗೆ ತಕ್ಕಂತೆ ಏರುತ್ತದೆ. ನೋವಿನ ಮಿತಿಯೊಂದೇ 2003ರಿಂದ ನಿಂತಲ್ಲೇ ನಿಂತಿದೆ. 1975ರಲ್ಲಿ ಇದೇ 2.5 ಲಕ್ಷದ ಮಿತಿ ಹಾಕಿದ್ದ ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನನ್ನು ತಿದ್ದಿ, ಸಾವಿನ ಪ್ರಕರಣಗಳಲ್ಲಿ ಅದನ್ನು ಹಂತಹಂತವಾಗಿ 10 ಲಕ್ಷಕ್ಕೆ ಏರಿಸಲು ಒಪ್ಪಿತು. ಟೆಕ್ಸಾಸಿನ ಶಾಸನಸಭೆಯೂ ಅಷ್ಟನ್ನಾದರೂ ಮಾಡಬೇಕು; ಇಲ್ಲಿ ಮತದಾನದ ಹಕ್ಕು ಪಡೆದಿರುವ ಕನ್ನಡಿಗರು ತಮ್ಮ ಶಾಸಕರಿಗೆ ಇದನ್ನು ಬರೆದು ಕೇಳಬೇಕು.