ಆರನೇ ಸೋನ್‌ಪಾಪ್ಡಿ ಡಬ್ಬ

ದೀಪಾವಳಿ ಬಂತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಕಲೆಕ್ಷನ್ ಶುರುವಾಗಿದೆ. ಮನೆಗೆ 200 ರೂಪಾಯಿ. ಪೌರಕಾರ್ಮಿಕರಿಗೆ ಸೀರೆ, ಸ್ವೀಟು, ಕೊನೆಗೊಂದು ಫೋಟೊ.

ಹೋದ ವರ್ಷ ಹಬ್ಬದ ಬೆಳಿಗ್ಗೆ ನಾನೂ ಒಂದು ಸೋನ್‌ಪಾಪ್ಡಿ ಡಬ್ಬ ಹಿಡಿದು ಕೆಳಗೆ ಇಳಿದಿದ್ದೆ. ನಿಜ ಹೇಳುತ್ತೇನೆ, ಅದು ನಾನು ಕೊಂಡದ್ದಲ್ಲ. ಆಫೀಸಿನಲ್ಲಿ ಕೊಟ್ಟದ್ದು, ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. (ಸೋನ್‌ಪಾಪ್ಡಿ ಇರುವುದೇ ಕೈ ದಾಟಿಸೋದಕ್ಕೆ, ಅಲ್ವಾ?) ನಮ್ಮ ಬೀದಿ ಗುಡಿಸುವ ಅಕ್ಕ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ಕಸದ ಗಾಡಿಗೆ ನೇತು ಹಾಕಿದ್ದ ಚೀಲದಲ್ಲಿಟ್ಟರು. ಅದರಲ್ಲಿ ಆಗಲೇ ಐದು ಡಬ್ಬ ಇದ್ದವು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಮೇಡಂ, ಇಲ್ಲಿ ಬಾತ್‌ರೂಮಿಗೆ ಹೋಗಬೋದಾ?"

ಕೆಳಗೆ ಸೆಕ್ಯುರಿಟಿಯವರ ಟಾಯ್ಲೆಟ್ ಇದೆ. ಹೊರಗಿನವರು ಬಳಸುವ ಹಾಗಿಲ್ಲ ಅಂತ ಅಸೋಸಿಯೇಶನ್ ಬೋರ್ಡು ಹಾಕಿದೆ. "ಬೀಗದ ಕೈ ಯಾರ ಹತ್ತಿರ ಇದೆಯೋ ಕೇಳ್ತೀನಿ" ಅಂದು ಮೇಲೆ ಹೋದೆ. ಬರುವಷ್ಟರಲ್ಲಿ ಅವರು ಮುಂದಿನ ಕ್ರಾಸಿಗೆ ಹೋಗಿಯಾಗಿತ್ತು. ನಮ್ಮ ಮನೆಯಲ್ಲಿ ಎರಡು ಬಾತ್‌ರೂಮ್ ಇವೆ ಅನ್ನುವುದು ಆ ಹೊತ್ತಿನಲ್ಲಿ ನನ್ನ ತಲೆಗೆ ಬರಲೇ ಇಲ್ಲ. ಬಂದಿದ್ದರೆ ಕರೆಯುತ್ತಿದ್ದೆನಾ? ಗೊತ್ತಿಲ್ಲ.

ಮಾರನೇ ದಿನ ರಸ್ತೆ ನೋಡಬೇಕಿತ್ತು. ರಾತ್ರಿ ಮಳೆ ಬಂದು ಪಟಾಕಿ ಕಾಗದವೆಲ್ಲ ಟಾರಿಗೆ ಅಂಟಿಕೊಂಡಿತ್ತು. ಪೊರಕೆಗೆ ಬರುವುದಿಲ್ಲ, ಬಗ್ಗಿ ಉಗುರಿನಲ್ಲಿ ಕೆರೆದು ತೆಗೆಯಬೇಕು. ಜೊತೆಗೆ ನಮ್ಮ ಕಸದ ಚೀಲಗಳು. ಮಿಕ್ಕಿದ ಪಲಾವ್, ಗಿಫ್ಟ್ ಕಾಗದ, ಒಡೆದ ಹಣತೆ, ಡೈಪರ್, ಎಲ್ಲ ಒಂದೇ ಗಂಟು. ಹಸಿರು ಬಕೆಟ್ಟಿಗೆ ಹಸಿ ಕಸ, ಕೆಂಪಿಗೆ ಪ್ಯಾಡು, ಡೈಪರು, ಒಣ ಕಸಕ್ಕೆ ಬೇರೆ ಚೀಲ. ಹೈಕೋರ್ಟ್ ಆದೇಶದ ಮೇಲೆ ಬೆಂಗಳೂರಿಗೆ ಈ ನಿಯಮ ಬಂದದ್ದು 2015ರಲ್ಲಿ. ಇದಕ್ಕೆ ಕಲೆಕ್ಷನ್ ಬೇಕಿಲ್ಲ. ಆದರೆ ಫೋಟೊ ಚೆನ್ನಾಗಿ ಬರಲ್ಲ, ಏನು ಮಾಡೋದು?

ಆಯುಧ ಪೂಜೆಯದೂ ಇದೇ ಕಥೆ. ಕಾರಿಗೆ ದೃಷ್ಟಿ ತೆಗೆದು ಕುಂಬಳಕಾಯಿ ಒಡೆಯುವುದು ನಾವು. ಜಾರುವ ಹೋಳು ಎತ್ತುವುದು ಅವರು.

ಇನ್ನು ಹಳೇ ಬಟ್ಟೆ. ಒಂದು ಸಲ ನಮ್ಮ ಬಿಲ್ಡಿಂಗಿನ ಮೂಟೆಯಲ್ಲಿ ಮಿರಿಮಿರಿ ಮಿಂಚುವ ಲೆಹೆಂಗಾ, ಜಿಪ್ ಹೋದ ಪ್ಯಾಂಟು, ಒಂಟಿ ಶೂ ಕಂಡೆ. ಬೆಳಗಿನ ಹೊತ್ತು ಗುಡಿಸಲು ಬರುವವರು ಆ ಲೆಹೆಂಗಾ ಎಲ್ಲಿಗೆ ಉಟ್ಟು ಹೋಗಬೇಕು? ನಮಗೆ ಕಪಾಟು ಖಾಲಿಯಾಗಬೇಕಿತ್ತು, ಆಯಿತು. ಅದಕ್ಕೆ ದಾನ ಅಂತ ಬೇರೆ ಹೆಸರು.

ನನಗೆ ಜಾಸ್ತಿ ಚುಚ್ಚುವುದು ಬೇರೆ. 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಕೆಲಸ ಖಾಯಂ ಮಾಡಿ ಅಂತ ನಾಲ್ಕು ದಿನ ಮುಷ್ಕರ ಕೂತಿದ್ದರು. ಎರಡನೇ ದಿನಕ್ಕೇ ನಮ್ಮ ಗ್ರೂಪಿನಲ್ಲಿ ಮೂಗು ಮುಚ್ಚಿಕೊಳ್ಳುವ ಎಮೋಜಿಗಳ ಸಾಲು. ಒಬ್ಬರು ಬರೆದಿದ್ದರು: "ಹಬ್ಬಹಬ್ಬಕ್ಕೂ ಕೊಡ್ತೀವಲ್ಲ, ಇನ್ನೇನು ಬೇಕಂತೆ ಇವರಿಗೆ?" ನಾವಾಗಿ ಕೊಟ್ಟಾಗ ಅಷ್ಟೊಂದು ಪ್ರೀತಿ. ಅವರು ತಮ್ಮದನ್ನು ಕೇಳಿದರೆ ಸೊಕ್ಕು. ನಾನೂ ಆವತ್ತು ಸುಮ್ನೆ ಓದಿ ಫೋನ್ ಕೆಳಗಿಟ್ಟವಳೇ.

ಈ ಸಲ ಮೊನ್ನೆ ಗ್ರೂಪಿನಲ್ಲಿ ಹಾಕಿದೆ: "ಸೀರೆ ಕೊಡೋಣ, ಬೇಡ ಅನ್ನಲ್ಲ. ಜೊತೆಗೆ ಕೆಳಗಿನ ಟಾಯ್ಲೆಟ್ ವರ್ಷಪೂರ್ತಿ ಅವರಿಗೆ ತೆಗೆದಿಡೋಣವಾ? ಒಂದು ಕ್ಯಾನ್ ಕುಡಿಯುವ ನೀರೂ ಇಡಬಹುದು."

ಎರಡು ಥಂಬ್ಸ್ ಅಪ್ ಬಂತು. ಒಬ್ಬರು "ಜಿಬಿಎಂನಲ್ಲಿ ಮಾತಾಡೋಣ" ಅಂದರು. ಜಿಬಿಎಂ ಅಂದರೆ ಅಸೋಸಿಯೇಶನ್‌ನ ಎಲ್ಲ ಸದಸ್ಯರ ಸಭೆ. ಮುಂದಿನದು ಏಪ್ರಿಲ್‌ನಲ್ಲಿದೆ. ಅಷ್ಟರಲ್ಲಿ ಸೀರೆ ಯಾವ ಬಣ್ಣ ಅಂತ ವೋಟಿಂಗ್ ಶುರುವಾಯಿತು. ಸದ್ಯಕ್ಕೆ ನೇರಳೆ ಮುಂದಿದೆ.